ನನ್ನ ಹೆಸರಿನ ನರ್ಸ್

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ತರಲೆ,

ಹೇಗಿದ್ದೀಯ? ಅಕ್ಕ ಕೂತು ಕಾಗದ ಬರೆದಿದ್ದಾಳೆ ಅಂದರೆ ಏನೋ ಎಡವಟ್ಟಾಗಿದೆ ಎಂದು ಊಹಿಸಿರುತ್ತೀಯ. ಆಗಿದೆ. ನೀನು ಫೋನ್ ಎತ್ತುತ್ತಿಲ್ಲ. ಎತ್ತಿದರೂ ಮಾತಾಡುತ್ತಿರುವುದು ನಾನೇ ಎಂದು ನಂಬಿಸುವುದು ಈಗ ಕಷ್ಟ. ನನ್ನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರವನ್ನು ಮಾತ್ರ ಯಾರೂ ನಕಲು ಮಾಡಲಾರರು.

ಮಂಗಳವಾರ ನರ್ಸಿಂಗ್ ಪರಿಷತ್ತಿನಿಂದ ನೋಟಿಸ್ ಬಂತು. ನಾನು ಜನ್ಮದಲ್ಲಿ ಕಾಲಿಡದ ಊರಿನ ಆಸ್ಪತ್ರೆಯೊಂದರಲ್ಲಿ, ಸಕ್ಕರೆ ಕಾಯಿಲೆಯೇ ಇಲ್ಲದ ಅಜ್ಜಿಯೊಬ್ಬರಿಗೆ ಪಕ್ಕದ ಹಾಸಿಗೆಯವರ ಇನ್ಸುಲಿನ್ ಚುಚ್ಚಿದ್ದೇನಂತೆ. ಅಜ್ಜಿ ಬದುಕಿಕೊಂಡರು, ಪುಣ್ಯ. ನಮ್ಮ ಹೆಡ್ ನರ್ಸ್ ಓದಿ, ಇಲ್ಲಿ ಮಾಡೋ ಕೆಲಸಾನೇ ಮುಗಿಯಲ್ಲ, ಇನ್ನೊಂದು ಕಡೆ ಬೇರೆ ಶುರು ಹಚ್ಕೊಂಡಿದೀಯಾ ಅಂತ ಕಾಲೆಳೆದರು. ನಾನೂ ನಕ್ಕೆ.

ಪರಿಷತ್ತಿನ ಕಚೇರಿಗೆ ಹೋದ ಮೇಲೆ ನಗು ಹಾರಿಹೋಯಿತು. ನನ್ನ ನೋಂದಣಿ ಸಂಖ್ಯೆ, ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು, ಸರ್ಟಿಫಿಕೇಟಿನ ಮೂಲೆಯಲ್ಲಿ ನಾನೇ ಚೆಲ್ಲಿದ ಕಾಫಿಯ ಕಲೆ ಸಮೇತ ಯಾರೋ ನಾನಾಗಿ ಕೆಲಸ ಮಾಡುತ್ತಿದ್ದಾರೆ. ಗುರುತು ಕದಿಯೋರು ದುಡ್ಡೇ ಕದೀಬೇಕು ಅಂತಿಲ್ಲ ಮೇಡಂ, ನಿಮ್ಮ ಓದನ್ನೂ ಕದೀತಾರೆ ಅಂದರು ಅಲ್ಲಿನ ಅಧಿಕಾರಿ.

ಅವತ್ತಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಎಲ್ಲ ಪಾಸ್‌ವರ್ಡ್ ಬದಲಿಸಿದೆ, ಬದಲಿಸಿದ್ದನ್ನು ಮರೆತೆ, ಈಗ ನನ್ನ ಖಾತೆಗೆ ನಾನೇ ಹೊರಗಿನವಳು. ಹೆಸರಿರುವ ಕಾಗದವನ್ನೆಲ್ಲ ಚೂರುಚೂರು ಮಾಡುತ್ತಿದ್ದೇನೆ. ಕಸದ ಬುಟ್ಟಿಗೂ ಬೀಗ ಹಾಕ್ಬಿಡು ಅಂತಾರೆ ನಿನ್ನ ಭಾವ. ನೀನೂ ಹುಷಾರಾಗಿರು. ಗುರುತಿನ ಚೀಟಿಯ ನಕಲು ಕೊಡುವಾಗ, ಯಾರಿಗೆ ಏತಕ್ಕೆ ಕೊಟ್ಟೆ ಎಂದು ಅದರ ಮೇಲೇ ಅಡ್ಡಲಾಗಿ ಬರೆ. ಫೋನಿಗೆ ಬರುವ ಒಟಿಪಿಯನ್ನು ಅಕ್ಕ ಎಂದು ಹೇಳಿಕೊಂಡವಳಿಗೂ ಹೇಳಬೇಡ.

ನಮ್ಮ ಮನೆಯಲ್ಲಿ ಇದನ್ನೆಲ್ಲ ಯಾರು ನೋಡಿದ್ದರು ಹೇಳು. ಇಡೀ ಮನೆಗೆ ಒಂದೇ ಇಮೇಲ್, ಅದಕ್ಕೆ ಅಮ್ಮ ಸಾಕಿದ ಬೆಕ್ಕಿನ ಹೆಸರೇ ಪಾಸ್‌ವರ್ಡ್. ಬೆಕ್ಕು ಸತ್ತ ಮೇಲೂ ಅದನ್ನು ಬದಲಿಸಲು ಅಮ್ಮನಿಗೆ ಮನಸ್ಸು ಬರಲಿಲ್ಲ. ನನ್ನ ಸರ್ಟಿಫಿಕೇಟುಗಳೆಲ್ಲ ಅದರಲ್ಲೇ ಬಿದ್ದಿದ್ದವು. ಆ ಪಾಸ್‌ವರ್ಡ್ ನಮ್ಮ ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಕೊರೆಯುತ್ತಿದೆ. ಸಿರಿಂಜ್ ಹಿಡಿದು ಹಾಸಿಗೆಯ ಹತ್ತಿರ ಹೋದಾಗ ರೋಗಿಯ ಹೆಸರನ್ನು ನಾವು ಹೇಳಬಾರದು, ಅವರ ಬಾಯಿಂದಲೇ ಹೇಳಿಸಬೇಕು. ಎಷ್ಟೇ ಪರಿಚಯವಿದ್ದರೂ, ಅವರು ಎಷ್ಟೇ ಸಿಡಿಮಿಡಿಗೊಂಡರೂ. ನಾವೇ ಹೆಸರು ಹಿಡಿದು ಕೇಳಿದರೆ ನಿದ್ದೆಗಣ್ಣಿನವರು ಸುಮ್ಮನೆ ಹೂಂ ಅಂದುಬಿಡುತ್ತಾರೆ. ಆ ಅಜ್ಜಿಯೂ ಹಾಗೇ ಹೂಂ ಅಂದರು ಎಂದು ನೋಟಿಸಿನಲ್ಲಿದೆ. ಇದನ್ನು ನರ್ಸಿಂಗ್ ಓದಿನ ಕೊನೆಯ ವರ್ಷ ವಾರ್ಡಿನಲ್ಲಿ ನಿಲ್ಲಿಸಿ, ಬೈದು ಬೈದು ಕಲಿಸುತ್ತಾರೆ. ಅಪ್ಪ ಹಾಸಿಗೆ ಹಿಡಿದಾಗ ನೀನು ಆ ವರ್ಷವನ್ನೇ ಬಿಟ್ಟು ಬಂದೆ. ಮತ್ತೆ ಸೇರಿಸಿಕೊಳ್ಳಿ ಎಂದು ಎರಡು ಸಲ ಅಲೆದೆ, ಕಾಲೇಜಿನವರು ಸೇರಿಸಿಕೊಳ್ಳಲಿಲ್ಲ. ಅದು ಅನ್ಯಾಯ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಆ ಅಜ್ಜಿಯನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಅಧಿಕಾರಿ ಆ ನರ್ಸಿನ ಫೋಟೋ ಮುಂದಿಟ್ಟು, ಇವರು ಯಾರು ಗೊತ್ತಾ ಅಂತ ಕೇಳಿದರು. ಕನ್ನಡಕ ತಂದಿಲ್ಲ ಅಂದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಅವರು ನನ್ನನ್ನೇ ನೋಡುತ್ತಾ, ಸರಿ, ಸೋಮವಾರ ಬಂದು ಹೇಳಿ, ಅಷ್ಟರವರೆಗೆ ಕಾಯ್ತೀನಿ ಅಂದರು.

ಸೋಮವಾರ ನಾನು ಬಾಯಿ ಬಿಡದಿದ್ದರೆ ನನ್ನ ನೋಂದಣಿ ರದ್ದಾಗುತ್ತದೆ, ಅಜ್ಜಿಯ ಆ ಹೂಂ ನನ್ನ ತಲೆಗೆ ಕಟ್ಟಿಕೊಳ್ಳುತ್ತದೆ. ಇನ್ನೆಂದೂ ವಾರ್ಡಿಗೆ ಕಾಲಿಡಲಾರೆ. ಬಾಯಿ ಬಿಟ್ಟರೆ ಪೊಲೀಸರು ಅವಳನ್ನು ವಾರ್ಡಿನಿಂದಲೇ ಎಳೆದೊಯ್ಯುತ್ತಾರೆ. ಅವಳಾಗಿಯೇ ಕೆಲಸ ಬಿಟ್ಟು ಬಂದು ಒಪ್ಪಿಕೊಂಡರೆ ಶಿಕ್ಷೆ ಕಡಿಮೆಯಾದೀತು ಎಂದು ವಕೀಲರು ಹೇಳಿದ್ದಾರೆ. ಪರಿಷತ್ತಿಗೆ ನಾನು ಜೊತೆಯಲ್ಲೇ ಬರುತ್ತೇನೆ, ಪಕ್ಕದಲ್ಲೇ ಕೂರುತ್ತೇನೆ. ಇದನ್ನು ಅವಳಿಗೆ ಯಾರಾದರೂ ಹೇಳಬೇಕು. ಇನ್ನೊಬ್ಬರಿಗೆ ಸೂಜಿ ಚುಚ್ಚುವ ಮೊದಲು ಹೇಳಬೇಕು.

ಬೈಯಬೇಕು ಎಂದು ಕೂತವಳು ಮೂರು ಹಾಳೆ ಹರಿದು ಹಾಕಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಅಕ್ಕ

ಮರೆತಿದ್ದೆ: ಬಟ್ಟೆ ಅಂಗಡಿಯಲ್ಲಿ ಕೆಲಸ ಎಂದು ನೀನು ಅಮ್ಮನಿಗೆ ಕೊಟ್ಟ ವಿಳಾಸಕ್ಕೆ ಇದನ್ನು ಹಾಕುತ್ತಿಲ್ಲ. ಆ ಆಸ್ಪತ್ರೆಗೇ ಕೊರಿಯರ್ ಮಾಡುತ್ತಿದ್ದೇನೆ, ನಾಳೆ ತಲುಪುತ್ತದೆ. ಲಕೋಟೆಯ ಮೇಲೆ ಬರೆದಿರುವುದು ನನ್ನ ಹೆಸರು. ಇದನ್ನು ಒಡೆದು ಓದುತ್ತಿರುವುದು ನೀನೇ ಆಗಿದ್ದರೆ, ಏನೂ ವಿವರಿಸಬೇಡ. ಹೊರಟು ಬಾ.