"ನಾನಾ? ಪರವಾಗಿಲ್ಲ"

ಟಾಮರಾಕ್ ಹಾರ್ಬರ್
ಏಪ್ರಿಲ್ 19, 1998

ಆರ್ವೊ ಮಹಾರಾಯನಿಗೆ,

ಮೊದಲು ಖರ್ಚು. ಆರು ಊರು, ಒಂಬತ್ತು ಬಾಡಿಗೆ ಮನೆ, ಮಗಳಿಗೆ ಐದು ಶಾಲೆ, ನಾನು ಕಟ್ಟಿ ಬಿಟ್ಟುಬಂದ ಮೂರು ಬೇಕರಿ, ನಿನ್ನ ಎರಡು ಮುಂದಿನ ಹಲ್ಲು. ಇಷ್ಟೂ ನಿನ್ನ ಕೋಣೆಯ ಬಾಗಿಲ ಮೇಲೆ 'ಹೆಡ್ ಕೋಚ್' ಎಂದು ಬರೆಸಲಿಕ್ಕೆ. ಬರೆಸಿದ್ದಾಯಿತೇ? ಫೋನಿನಲ್ಲಿ ಕೇಳಿದರೆ ಪಂದ್ಯದ ಟೇಪು ನೋಡುತ್ತಲೇ ಹೂಂಗುಟ್ಟುತ್ತೀಯ. ಅದಕ್ಕೇ ಈ ಕಾಗದ.

ಮದುವೆಯಾದ ವರ್ಷ ನೀನು ನಮ್ಮೂರಿನ ಕಾಲೇಜಿನ ಐಸ್ ಹಾಕಿ ತಂಡಕ್ಕೆ ಸಂಬಳವಿಲ್ಲದ ಸಹಾಯಕ. ಆಮೇಲೆ ಮಿನೆಸೋಟದಲ್ಲಿ ಹುಡುಗರ ಜೂನಿಯರ್ ತಂಡ. ಆಮೇಲೆ ಕಾಲೇಜೊಂದರಲ್ಲಿ ಎರಡನೇ ಸಹಾಯಕ, ಮೊದಲ ಸಹಾಯಕ. ಹೆಡ್ ಕೋಚ್‌ನ ಕೆಲಸ ಹೋದಾಗಲೆಲ್ಲ ಅವನ ಬೆನ್ನಿಗೆ ನಿನ್ನದೂ ಹೋಗಿ, ಇನ್ನೊಂದೂರಿನಲ್ಲಿ ಮತ್ತೆ ಎರಡನೇ ಸಹಾಯಕ. "ಇದೊಂದು ಊರು ಲೆಂಪಿ, ಮುಂದಿನದು ನನ್ನದೇ ತಂಡ" ಎನ್ನುತ್ತಿದ್ದೆ. ನಾನು ಹಿಟ್ಟು ನಾದುವ ಯಂತ್ರವನ್ನು ಲಾರಿಗೆ ಹತ್ತಿಸುತ್ತಿದ್ದೆ. ಎರಡು ವರ್ಷದ ಹಿಂದೆ ಹುಟ್ಟೂರಿಗೆ ಬಂದು ನಾಲ್ಕನೆಯ ಅಂಗಡಿ ತೆರೆದ ದಿನ, ಈ ಯಂತ್ರ ಇನ್ನು ಕದಲುವುದಿಲ್ಲ ಎಂದೆ. ನೀನೊಬ್ಬನೇ ನಾರ್ತ್ ಡಕೋಟಕ್ಕೆ ಹೋದೆ.

ಈಗ ನಮ್ಮೂರಿನ ಕಾಲೇಜಿನಲ್ಲೇ ಆ ಜಾಗ ಖಾಲಿಯಾಯಿತು. ಕೊನೆಗೆ ಉಳಿದವರು ಇಬ್ಬರು. ಒಬ್ಬ ನೀನು. ಇನ್ನೊಬ್ಬ ನಿಕ್ ವುಕೆಲಿಚ್, ನಿನ್ನ ಜೂನಿಯರ್ ತಂಡದ ಗೋಲ್‌ಕೀಪರ್ ಆಗಿ ನಮ್ಮ ನೆಲಮಾಳಿಗೆಯಲ್ಲಿ ಎರಡು ಚಳಿಗಾಲ ಉಂಡು ಮಲಗಿದ ಅದೇ ನಿಕ್. ಕಾಲೇಜಿನ ಕ್ರೀಡಾ ಮುಖ್ಯಸ್ಥೆ ಗ್ರೆಟಾ ಅವನ ವಿಚಾರ ಕೇಳಲು ನಿನಗೆ ಫೋನ್ ಮಾಡಿದಳು. ಒಬ್ಬರ ಬಗ್ಗೆ ಇನ್ನೊಬ್ಬರನ್ನು ಕೇಳದೆ ಹಾಕಿಯವರು ಯಾರಿಗೂ ಕೆಲಸ ಕೊಡುವುದಿಲ್ಲವೆಂದು ನನಗೂ ಗೊತ್ತು. ಬೇರೆ ಯಾರಾದರೂ ಆಗಿದ್ದರೆ "ಒಳ್ಳೇ ಹುಡುಗ" ಎಂದಷ್ಟೇ ಹೇಳಿ ಫೋನ್ ಇಡುತ್ತಿದ್ದರಪ್ಪ!

ಮರುವಾರ ಗ್ರೆಟಾ ನನ್ನ ಮಾಂಸದ ಕಡುಬು, ಅದೇ ಪಾಸ್ಟಿ, ಕೊಳ್ಳಲು ಅಂಗಡಿಗೆ ಬಂದಳು.

"ಲೆಂಪಿ, ನಿನ್ನ ಗಂಡ ನಿಕ್ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ ಕಣೇ."

"ತನ್ನ ಬಗ್ಗೆ?"

"ಕೇಳ್ದೆ. 'ನಾನಾ? ಪರವಾಗಿಲ್ಲ' ಅಂದ."

"ಅಷ್ಟೇನಾ?"

"ಅಷ್ಟೇ. 'ಸೋತು ಕೂತ ಹುಡುಗನ ಹತ್ರ ಏನು ಮಾತಾಡ್ಬೇಕು ಅಂತ ನಿಕ್‌ಗೆ ಗೊತ್ತು, ನಂಗೆ ಇಷ್ಟು ವಯಸ್ಸಾದ್ರೂ ಗೊತ್ತಾಗ್ಲಿಲ್ಲ' ಅಂದ. ನಾನೇನು ಮಾಡ್ಲಿ, ನೀನೇ ಹೇಳು? ಕೆಲಸ ನಿಕ್‌ಗೆ ಕೊಟ್ಟೆ."

ಅವಳ ಪೊಟ್ಟಣಕ್ಕೆ ನಾನು ಕೆಚಪ್ ಹಾಕಲಿಲ್ಲ. ನೀನು ಹೇಳಿದ್ದು ನಿಜ ಎನ್ನುವುದೇ ನನಗೆ ಹೆಚ್ಚಿನ ಉರಿ.

ಮೊನ್ನೆ ನಿಕ್ ಬಂದ. ಟೋಪಿಯನ್ನು ಕೈಯಲ್ಲಿ ತಿರುವುತ್ತ ನಿಂತ.

"ಅಮ್ಮಾ, ಆರ್ವೊ ನಂಗೆ ಮೊದಲ ಸಹಾಯಕ ಆಗಿ ಬರ್ತಾರಾ? ಕೇಳೋಕೆ ಬಾಯಿ ಬರ್ತಿಲ್ಲ. ಅವಮಾನ ಅಂದ್ಕೊಂಡ್ರೆ?"

"ಅವನಿಗೆ ಅವಮಾನ ಆಗೋ ಹಾಗಿದ್ರೆ ನಾವು ಎರಡನೇ ಊರಲ್ಲೇ ನಿಲ್ತಿದ್ವಿ. ನೀನೇ ಕೇಳು ಹೋಗೋ, ನಾನೇನು ನಿನ್ನ ಪೋಸ್ಟ್‌ಮ್ಯಾನಾ?" ಎಂದೆ. ಆದರೂ ಬರೆಯುತ್ತಿದ್ದೇನೆ, ನೋಡು.

ನಿನ್ನ ಕಾಗದವೂ ತಲುಪಿತು. ಅಲಾಸ್ಕಾದ ಸಣ್ಣ ಕಾಲೇಜೊಂದರಲ್ಲಿ ಹೆಡ್ ಕೋಚ್ ಜಾಗವಂತೆ, ಅರ್ಜಿ ಹಾಕಿದ್ದೀಯಂತೆ, "ಇದೊಂದು ಊರು" ಅಂತೆ. ಅಲ್ಲಿಂದಾಚೆಗೆ ಬೇರೆ ಊರಿಲ್ಲ, ಅದೊಂದೇ ಸಮಾಧಾನ. ನಾನು ಬರುವುದಿಲ್ಲ ಆರ್ವೊ. ಹೋಗುವುದಾದರೆ ಹೆಡ್ ಕೋಚ್ ಆಗಿ ನೆಟ್ಟಗೆ ಹೋಗು. ಬರುವುದಾದರೆ ನಿಕ್‌ನ ಸಹಾಯಕನಾಗಿ ಮನೆಗೆ ಬಾ. ಯೋಚಿಸುತ್ತಿದ್ದೇನೆ ಎಂದು ಮಾತ್ರ ಬರೆಯಬೇಡ.

ಈವರೆಗೂ ನಿನ್ನ,
ಲೆಂಪಿ

ಮರೆತ ಮಾತು: ಅಲಾಸ್ಕಾದವರು ನಿನ್ನೆ ಅಂಗಡಿಗೇ ಫೋನ್ ಮಾಡಿದ್ದರು. ನೀನು ಎಂಥವನು ಎಂದು ಕೇಳಿದರು. "ಪರವಾಗಿಲ್ಲ" ಎಂದು ಇಟ್ಟುಬಿಡಬಹುದಿತ್ತು. ಇಟ್ಟಿದ್ದರೆ ನೀನು ಇಲ್ಲಿಗೇ ಬರುತ್ತಿದ್ದೆ. ಆದರೆ ಇದ್ದದ್ದನ್ನೆಲ್ಲ ಹೇಳಿದೆ. ಎಷ್ಟು ಹೇಳಿದೆನೆಂದರೆ ಒಲೆಯಲ್ಲಿದ್ದ ಒಂದು ತಟ್ಟೆ ಪಾಸ್ಟಿ ಕರಕಲಾಯಿತು. ಆ ಕೆಲಸ ನಿನ್ನದೇ ಅಂತೆ, ಬೇಕಿದ್ದರೆ.

ಹಾಗಾಗಿ ಲೆಕ್ಕ ಇಷ್ಟು. ಗ್ರೆಟಾಗೆ ಒಳ್ಳೆಯ ಕೋಚ್ ಸಿಕ್ಕಿದ. ನಿಕ್‌ಗೆ ತಂಡ ಸಿಕ್ಕಿತು. ನಿನಗೂ ಒಂದು ತಂಡ ಸಿಕ್ಕಿತು. ನಾಯಿ ಮುಸ್ತಿಗೆ ಕರಕಲು ಪಾಸ್ಟಿ ಸಿಕ್ಕಿತು. ನನಗೆ ಇನ್ನೂ ಉತ್ತರ ಸಿಕ್ಕಿಲ್ಲ.