ಕರ್ತನು ತೆರೆದ ಬಾಗಿಲು

ಲಾಂಡ್ರಿಯ ಹಿಂದಿನ ಮನೆ
ಶನಿವಾರ, ತಾರೀಖು ಹದಿನಾಲ್ಕು

ಪ್ರೀತಿಯ ನನ್ನವರಿಗೆ,

ಕರ್ತನ ದಯೆಯಿಂದ ಹಡಗಿನಲ್ಲಿ ಸೌಖ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಸೊಂಟದ ನೋವು ಹೇಗಿದೆ? ಅಡುಗೆಮನೆಯ ಬೆವರಿನಲ್ಲೇ ಹೋಗಿ ಗಾಳಿಗೆ ನಿಲ್ಲಬೇಡಿ. ಹೇಳಿದರೆ ಕೇಳುವ ಆಸಾಮಿಯಲ್ಲ ನೀವು, ಆದರೂ ಹೇಳುತ್ತೇನೆ. ನಿಮ್ಮ ಅಮ್ಮ ಗಟ್ಟಿಯಾಗಿದ್ದಾರೆ. ಕಿವಿ ಮಾತ್ರ ಇನ್ನಷ್ಟು ಮಂದವಾಗಿದೆ, ಅದಕ್ಕೆ ತಕ್ಕಂತೆ ಗಂಟಲು ದೊಡ್ಡದಾಗಿದೆ. ಈಗ ನಾನು ಸಿಕ್ಕಿಕೊಂಡಿರುವುದು ಆ ಗಂಟಲಿನಿಂದಲೇ.

ಹೋದ ವಾರ ಇಸ್ತ್ರಿ ಕೋಣೆಯಲ್ಲಿ ಹಬೆಯ ಪೈಪು ಒಡೆಯಿತು. ಗಾಬರಿಯಾಗಬೇಡಿ, ನನಗೇನೂ ಆಗಿಲ್ಲ. ನಮ್ಮ ಲಾಂಡ್ರಿ ಯಜಮಾನರು, ಅದೇ ನಮ್ಮ ಸಭೆಯ ಗಂಜಿ ಹಿರಿಯರು (ನೀವಿಟ್ಟ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ, ಅವರ ಕಾಲರಿನಷ್ಟೇ ಸೆಟೆದು ನಿಂತಿದೆ), ನೀವು ಹೋದ ಮೇಲೆ ಒಂದು ಹೊಸ ಪದ್ಧತಿ ಶುರುಮಾಡಿದ್ದರು. ಬಟ್ಟೆ ಕಳುವಾಗಬಾರದೆಂದು ಕೆಲಸದ ಹೊತ್ತಿನಲ್ಲಿ ಕೋಣೆಗೆ ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿಕೊಳ್ಳುತ್ತಿದ್ದರು. ಆವತ್ತು ಬೀಗ ಹಾಕಿ ಊಟಕ್ಕೆ ಹೋಗಿದ್ದರು. ಒಳಗಿದ್ದ ನಾವಷ್ಟೂ ಹೆಂಗಸರು ಬಡಿದೆವು, ಕೂಗಿದೆವು. ಕೊನೆಗೆ ಚರ್ಚಿನ ಕಡೆ ತಲೆಹಾಕಿಯೂ ಮಲಗದ ವ್ಯಾನ್ ಡ್ರೈವರ್ ಬಂದು ರಾಡಿನಿಂದ ಬೀಗ ಒಡೆದ. ಅಷ್ಟರಲ್ಲಿ ಚಾದರ ಮಡಿಸುವ ಅಜ್ಜಿಯ ಎರಡು ಕೈಯೂ ಬೆಂದಿದ್ದವು.

ಭಾನುವಾರ ಆರಾಧನೆಯಲ್ಲಿ ಸಾಕ್ಷಿ ಹೇಳುವ ಹೊತ್ತು ಬಂತು. ಜೀವ ಉಳಿಯಿತಲ್ಲ, ಒಂದು ಸ್ತೋತ್ರ ಹೇಳಿ ಕೂರೋಣ ಎಂದು ಎದ್ದೆ. ನಮ್ಮವರ ಸಾಕ್ಷಿಯ ಧಾಟಿ ನಿಮಗೆ ಗೊತ್ತೇ ಇದೆ. ಕೆಲಸ ಸಿಕ್ಕರೂ, ಜ್ವರ ಬಿಟ್ಟರೂ, ಮಗಳಿಗೆ ಗಂಡು ಕುದುರಿದರೂ "ಕರ್ತನು ಬಾಗಿಲು ತೆರೆದನು" ಎಂದೇ ಮುಗಿಯಬೇಕು. ನನ್ನ ಬಾಯಿಗೂ ಅದೇ ಬಂತು. ಎಲ್ಲರೂ ಆಮೆನ್ ಎಂದರು. ಆಮೇಲಿನ ಮೌನದಲ್ಲಿ ನಿಮ್ಮ ಅಮ್ಮ, ಪಕ್ಕದವಳ ಕಿವಿಯಲ್ಲಿ ಪಿಸುಗುಡುತ್ತಿದ್ದೇನೆ ಅಂದುಕೊಂಡು, ಇಡೀ ಚರ್ಚಿಗೆ ಕೇಳುವ ಹಾಗೆ ಕೇಳಿದರು: "ಕರ್ತ ತೆಗ್ದಿದ್ದು ಸರಿ ಕಣೆ, ಬೀಗ ಹಾಕಿದ್ಯಾರು?"

ಚರ್ಚಿನ ಬಾಗಿಲು ದಾಟಿ ಹೋಗದ ಆರಾಧನೆ ಬರೀ ಹಾಡುಗಾರಿಕೆ ಎಂದು ಆಗಷ್ಟೇ ಪ್ರಸಂಗ ಮಾಡಿದ್ದ ಪಾಸ್ಟರ್ ನನ್ನನ್ನೇ ನೋಡಿದರು. ಮೊದಲ ಸಾಲಿನಲ್ಲಿ ಗಂಜಿ ಹಿರಿಯರು. ಬಡವರ ಆಸ್ಪತ್ರೆಯ ಚಾದರಗಳನ್ನು ಸಭೆಯ ಸೇವೆಯೆಂದು ಬಿಟ್ಟಿ ಒಗೆಸಿಕೊಡುವವರು ಅವರೇ. ಒಗೆಯುವವರು ನಾವು, ಅದು ಬೇರೆ ಮಾತು. ನಾನು ಕೂತುಬಿಟ್ಟೆ. ಆಮೇಲೆ ಪ್ರಭುಭೋಜನ. ಅಜ್ಜಿಗೆ ಕೈ ಚಾಚಲಾಗದು, ಪಾಸ್ಟರ್ ರೊಟ್ಟಿಯನ್ನು ಬಾಯಿಗೇ ಇಟ್ಟರು. ಹಿಂದೆಯೇ ದ್ರಾಕ್ಷಾರಸದ ಪಾತ್ರೆ ಹಿಡಿದು ಬರುವ ಗಂಜಿ ಹಿರಿಯರು ತಾವೇ ಕುಡಿಸಬೇಕಾಯಿತು. ಅಜ್ಜಿ ಕುಡಿದು, ಲಾಂಡ್ರಿಯಲ್ಲಿ ಮಾಡುವ ಹಾಗೇ, ಯಜಮಾನರಿಗೆ ತಲೆಬಾಗಿದರು.

ಸೋಮವಾರ ಹಿರಿಯರು ಕರೆಸಿದರು. ಹಬೆಗೆ ಮರ ಉಬ್ಬಿ ಬಾಗಿಲು ಕಚ್ಚಿಕೊಂಡಿತ್ತು ಅಂತ ಮುಂದಿನ ಭಾನುವಾರ ಎದ್ದು ಹೇಳಿಬಿಡಮ್ಮ, ಸಭೆಯಲ್ಲಿ ಒಡಕು ಬೇಡ ಎಂದು ಮೆತ್ತಗೆ ಹೇಳಿದರು. ಬೆದರಿಸಲಿಲ್ಲ. ಬೆದರಿಸುವ ಅಗತ್ಯವಾದರೂ ಏನು? ಮನೆ ಅವರದು, ನನ್ನ ಕೆಲಸ ಅವರದು, ನಿಮ್ಮ ಹಡಗಿನ ಕೆಲಸ ಅವರ ಭಾವಮೈದುನನ ಕೃಪೆ. ಮರುದಿನ ಬಾಗಿಲಿಗೆ ಹೊಸ ಬೀಗ ಬಂತು, ಹಳೆಯದಕ್ಕಿಂತ ದಪ್ಪದ್ದು. ಪಾಸ್ಟರನ್ನು ಕೇಳಿದೆ. ಕಾರ್ಮಿಕ ಅಧಿಕಾರಿಯ ಹತ್ತಿರ ನಿನ್ನ ಜೊತೆ ಬರ್ತೀನಿ, ಆದರೆ ಒಳಗಿದ್ದವರು ಹೇಳಿದರೇ ಸಾಕ್ಷಿ, ನಾನು ಒಳಗಿರಲಿಲ್ಲವಲ್ಲಮ್ಮ ಎಂದರು. ಒಳಗಿದ್ದವರೋ, ನೀನು ಎದ್ದರೆ ನಾವೂ ಏಳ್ತೀವಿ ಎನ್ನುತ್ತಾರೆ. ನುಂಗಲೂ ಆಗದು, ಉಗುಳಲೂ ಆಗದು. ನನಗೆ ಭಯವಾಗಿದೆ ಕಣ್ರಿ. ಡ್ರೈವರ್ ಬೀಗ ಒಡೆದಾಗ ಹೊರಗೆ ಬಂದೆ ಅಂದುಕೊಂಡಿದ್ದೆ. ಇನ್ನೂ ಆ ಕೋಣೆಯಲ್ಲೇ ಇದ್ದೇನೆ ಅನ್ನಿಸುತ್ತದೆ.

ನೀವು ಹತ್ತಿರವಿದ್ದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಅಮ್ಮನ ಆಶೀರ್ವಾದ. ನಡುನೀರಿನಲ್ಲೂ ಕರ್ತನ ಕೈ ನಿಮ್ಮ ಮೇಲಿರಲಿ.

ಇತಿ,
ನಿಮ್ಮ ಗಯ್ಯಾಳಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಅಂದರೆ, ಕೂಗಿ ಹೇಳಿದೆ. ಎದ್ದು ಹೋಗಿ ಪಾತ್ರೆಪಗಡೆಯನ್ನೆಲ್ಲ ಟ್ರಂಕಿಗೆ ತುಂಬಿ, ಅದರ ಮೇಲೆ ಕೂತು, "ನಾಳೆ ಆರಾಧನೆ ಎಷ್ಟು ಗಂಟೆಗೆ?" ಅಂದರು. ನಿಮ್ಮನ್ನು ಹಡಗಿನಿಂದ ಇಳಿಸಿದರೆ ನನ್ನನ್ನು ಬೈಯಿರಿ, ಅವರನ್ನಲ್ಲ. ಉತ್ತರವನ್ನು ಈ ಮನೆಯ ವಿಳಾಸಕ್ಕೆ ಹಾಕಬೇಡಿ, ಚರ್ಚಿನ ವಿಳಾಸಕ್ಕೆ ಹಾಕಿ.