ನಲವತ್ತೊಂದು ಅರ್ಜಿ, ಒಂದು ಕೆಂಪು ಗುಂಡಿ

ಮಾರ್ಚ್ 3, ಸೋಮವಾರ

ಏಳಕ್ಕೆ ಸೈಬರ್ ಕೆಫೆ ತೆರೆದೆ. ಒಂದನೇ ಕಂಪ್ಯೂಟರಿನ ಬ್ರೌಸರಿನಲ್ಲಿ ನಲವತ್ತೊಂದು ಪುಟ ತೆರೆದೇ ಇವೆ — ಗಿರಾಕಿಗಳ ಅರ್ಧ ತುಂಬಿದ ಅರ್ಜಿಗಳು. ನೆರಿಯಾಳದೂ ಇದೆ, ನರ್ಸಿಂಗ್ ಕಾಲೇಜಿನದು. ಫೋಟೊ ಬಾಕಿ. ಅವಳಮ್ಮ ಗುರುವಾರ ಸರೋವರದ ದಂಡೆಯ ಡುಂಗಾದಿಂದ ಮೀನಿನ ಬುಟ್ಟಿಯ ಜೊತೆಗೇ ತರುತ್ತಾಳಂತೆ. ಮೂಲೆಯ ಅಪ್‌ಡೇಟ್ ಗುಂಡಿ ಕೆಂಪಾಗಿ ಮೂರು ವಾರ. ಒತ್ತಿದರೆ ಬ್ರೌಸರ್ ಮುಚ್ಚಿಕೊಳ್ಳುತ್ತದೆ, ಅರ್ಜಿಗಳೆಲ್ಲ ನೀರುಪಾಲು. ನಮ್ಮ ಕಿಸುಮು ಊರಿನಲ್ಲಿ ಯಾವ ಸೈಬರಿನವರೂ ಒತ್ತುವುದಿಲ್ಲ.

ಮಾರ್ಚ್ 4, ಬೆಳಿಗ್ಗೆ 9

ಬ್ಯಾಂಕಿನ ಕಂಪ್ಯೂಟರ್ ನೋಡಿಕೊಳ್ಳುವ ಒಟೊಲೊ ಜೆರಾಕ್ಸಿಗೆ ಬಂದ. ಕೆಂಪು ಗುಂಡಿ ಅವನ ಕಣ್ಣಿಗೆ ಬಿತ್ತು.

"ಅಕೋತ್ ಅಕ್ಕಾ, ಇದೇನು ದೀಪಾಲಂಕಾರಾನಾ?"

"ಬಿಡೋ, ಪುರುಸೊತ್ತಿಲ್ಲ."

"ಒಂದೊಂದು ಪುಟಾನೂ ಬ್ರೌಸರ್ ಒಂದೊಂದು ಕೋಣೇಲಿ ಕೂಡಿ ಹಾಕಿರುತ್ತೆ. ಆ ಗೋಡೇಲೇ ಈಗ ತೂತು ಸಿಕ್ಕಿದೆ. ಈ ಅಪ್‌ಡೇಟ್ ಅದನ್ನೇ ಮುಚ್ಚೋದು. ಕೆಟ್ಟ ಪುಟ ಒಂದು ತೆರೆದ್ರೆ ಸಾಕು, ಏನೂ ಒತ್ತೋದೇ ಬೇಡ. ಹೊರಗೆ ಬಂದು ಮೆಷೀನನ್ನೇ ಹಿಡ್ಕೊಳ್ಳುತ್ತೆ. ಗಿರಾಕಿಗಳ ಪಾಸ್‌ವರ್ಡೆಲ್ಲ ಇದರಲ್ಲೇ ಅಲ್ವಾ?"

ಇದರಲ್ಲೇ. ಸಿಟ್ಟು ಬಂತು. "ಹೇಳೋದು ಸುಲಭ. ನಲವತ್ತೊಂದು ಅರ್ಜಿ ನೀನು ಮತ್ತೆ ತುಂಬ್ತೀಯಾ?"

"ಬರೆದಿಟ್ಕೊಳ್ಳೋಣ. ಪೆನ್ ಕೊಡಿ."

ಅದೇ ದಿನ, ಸಂಜೆ 5

ಕೂತೇಬಿಟ್ಟ! ಬ್ಯಾಂಕಿಗೆ ರಜೆ ಹೇಳಿ. ನಾನು ಓದಿದೆ, ಅವನು ಕಾಗದಕ್ಕಿಳಿಸಿದ. ಮಧ್ಯೆ ಚಹಾ, ಎಣ್ಣೆಯಲ್ಲಿ ಕರಿದ ಮಂದಾಜಿ... ನಾಲ್ಕೂವರೆಗೆ ಗುಂಡಿ ಒತ್ತಿದೆ. ಪರದೆ ಖಾಲಿ. ಕಾಗದಗಳನ್ನು ಎಣಿಸಿದೆ, ನಲವತ್ತೊಂದೂ ಇವೆ.

ಮಾರ್ಚ್ 6, ಗುರುವಾರ

ನೆರಿಯಾಳ ಅಮ್ಮ ಬೈದಳು. "ಮತ್ತೆ ಮೊದಲಿಂದಾನಾ? ನನ್ನ ಮೀನು ಬಿಸಿಲಲ್ಲಿ ಕೂತಿದೆ ಕಣೇ!" ಕಾಗದ ನೋಡಿ ಟೈಪ್ ಮಾಡಿದೆ. ಹತ್ತೇ ನಿಮಿಷ. ಅರ್ಜಿ ಕಾಲೇಜಿಗೆ ಕಳಿಸಿಯಾಯಿತು.

ಮಾರ್ಚ್ 12, ಬುಧವಾರ

ಪಕ್ಕದ ಬೀದಿಯ ಒಕುಮುವಿನ ಸೈಬರ್ ಮುಚ್ಚಿದೆ. ಯಾರೋ ಕೆಲಸ ಖಾಲಿ ಇದೆ ಅನ್ನೋ ಲಿಂಕ್ ತೆರೆದರಂತೆ, ಅಷ್ಟೇ. ಗಿರಾಕಿಗಳ ಇ-ಮೇಲ್ ಎಲ್ಲ ಯಾರದೋ ಕೈಯಲ್ಲಿ. ಬಾಗಿಲ ಮುಂದೆ ಹುಡುಗಿಯರು ಅಳುತ್ತಿದ್ದಾರೆ. ಓಡಿ ಬಂದು ನನ್ನ ಮೆಷೀನಿನ ಹಿಸ್ಟರಿ ನೋಡಿದೆ. ಅದೇ ಲಿಂಕ್. ಒಂದನೇ ಕಂಪ್ಯೂಟರ್. ಮಾರ್ಚ್ 5, ಬೆಳಿಗ್ಗೆ 10:20.

ನಾನು ಗುಂಡಿ ಒತ್ತಿದ ಮರುದಿನ.

ಒಟೊಲೊ ಬಂದು ಪರೀಕ್ಷಿಸಿದ — ಏನೂ ಆಗಿಲ್ಲ. ಅವನ ಕೈ ಹಿಡಿದು ಅತ್ತುಬಿಟ್ಟೆ. "ಹಾಗಾದ್ರೆ ಇನ್ಮೇಲೆ ಜೆರಾಕ್ಸ್ ಫ್ರೀನಾ?" ಅಂದ, ತರಲೆ. "ಬದುಕಿರೋವರೆಗೂ ಕಣೋ" ಅಂದೆ. ಅವತ್ತು ಅವನ ಮೇಲೆ ಸಿಟ್ಟಾದೆನಲ್ಲ... ದೇವರೇ, ಇಂಥವನನ್ನು ಕಳಿಸಿದೆಯಲ್ಲ.

ಮಾರ್ಚ್ 26

ನೆರಿಯಾಳ ಇ-ಮೇಲಿಗೆ ಕಾಲೇಜಿನ ಪತ್ರ. ಸೀಟು! ಅವಳ ಇ-ಮೇಲಿಗೇ ಬಂತು, ಅವಳೇ ತೆರೆದಳು. ಅವಳಮ್ಮ ಎರಡು ದೊಡ್ಡ ತಿಲಾಪಿಯಾ ಮೀನು ತಂದಳು, ಒಂದು ಒಟೊಲೊಗೆ. ಮೂಲೆಯಲ್ಲಿ ಗುಂಡಿ ಮತ್ತೆ ಬಂದಿದೆ. ಹೊಸದು, ಇನ್ನೂ ಹಸಿರು; ತಡ ಮಾಡಿದರೆ ಕೆಂಪಾಗುತ್ತದೆ. ಹದಿನಾರು ಅರ್ಜಿ ಅರ್ಧದಲ್ಲಿವೆ. ಕಾಗದ ತೆಗೆದುಕೊಂಡೆ. ಮೊದಲನೆಯದು —